ಪರದೆಯಿಲ್ಲದ ಗಣಕಯಂತ್ರದಲ್ಲಿ ಕನ್ನಡ ಅರ್ಜಿ ನಮೂನೆಗಳ ಪರೀಕ್ಷೆ: ವರ್ಚುವಲ್ ಪರದೆ ಸ್ಥಾಪಿಸುವ ಕುರಿತು ಮಾಹಿತಿ

(ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಅರ್ಜಿದಾರರು ಹಾಗೂ ಸೇವಾ ಕೇಂದ್ರಗಳ ಗಣಕಯಂತ್ರ ನಿರ್ವಾಹಕರ ಗಮನಕ್ಕೆ)

ಪೀಠಿಕೆ

ಜಾತಿ, ಆದಾಯ ಹಾಗೂ ವಾಸಸ್ಥಳ ಪ್ರಮಾಣಪತ್ರ, ಪಹಣಿ, ಸಂವಿಧಾನದ 371(ಜೆ) ಅನುಚ್ಛೇದದ ಪ್ರಯೋಜನ ಪಡೆಯಲು ಬೇಕಾದ ಅರ್ಹತಾ ಪ್ರಮಾಣಪತ್ರ ಮುಂತಾದವುಗಳಿಗಾಗಿ ನಾಗರಿಕರು ಸಲ್ಲಿಸುವ ಅರ್ಜಿಗಳು ಇಂದು ಬಹುಮಟ್ಟಿಗೆ ಗಣಕಯಂತ್ರದ ಮೂಲಕವೇ ಸ್ವೀಕೃತವಾಗುತ್ತವೆ. 2006ರ ನೆಮ್ಮದಿ ಕೇಂದ್ರಗಳು, ನಂತರ ಹೋಬಳಿ ಮಟ್ಟದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, ಸೇವಾಸಿಂಧು, ಗ್ರಾಮ ಒನ್ ಎಂದು ಅರ್ಜಿ ಪಡೆಯುವ ಸ್ಥಳ ಮತ್ತು ಹೆಸರು ಬದಲಾಗುತ್ತ ಬಂದಿದ್ದರೂ ಒಂದು ಸಂಗತಿ ಬದಲಾಗಿಲ್ಲ: ಅರ್ಜಿದಾರರ ಕೈಗೆ ಕೊನೆಯಲ್ಲಿ ಬರುವುದು ಕನ್ನಡದಲ್ಲಿ ಮುದ್ರಿತವಾದ ಒಂದು ಹಾಳೆ. ಆ ಹಾಳೆಯಲ್ಲಿ ಹೆಸರು ಸರಿಯಾಗಿ ಕಾಣದಿದ್ದಲ್ಲಿ, ಸರ್ಕಾರದ ದತ್ತಸಂಚಯದಲ್ಲಿ ಅದು ಎಷ್ಟೇ ಸರಿಯಾಗಿದ್ದರೂ ಅವರಿಗೆ ಪ್ರಯೋಜನವಿಲ್ಲ.

ಹೆಸರಿನ ಒಂದು ಒತ್ತಕ್ಷರ ಕಳಚಿಹೋದರೆ ಪ್ರಮಾಣಪತ್ರವು ಶಾಲಾ ದಾಖಲೆಯೊಂದಿಗೆ ತಾಳೆಯಾಗುವುದಿಲ್ಲ. ವಿದ್ಯಾರ್ಥಿವೇತನದ ಅಥವಾ ನೇಮಕಾತಿಯ ಪರಿಶೀಲನೆಯಲ್ಲಿ ಅಂತಹ ಹಾಳೆಯನ್ನು ಬದಿಗಿಡಲಾಗುತ್ತದೆ. ತಿದ್ದುಪಡಿಗಾಗಿ ಕಕ್ಕೇರಾ ಅಥವಾ ಕೊಡೇಕಲ್ ಕಡೆಯಿಂದ ಬಸ್ಸು ಹಿಡಿದು ಬರುವವರಿಗೆ ಅದು ಒಂದು ದಿನದ ಕೂಲಿಯ ನಷ್ಟ. ಬೆಂಗಳೂರು, ಪುಣೆ, ಮುಂಬಯಿ ಕಡೆಗೆ ಗುಳೆ ಹೋಗಿರುವ ಕುಟುಂಬಕ್ಕೆ ಒಂದು ದಿನದಲ್ಲಿ ಮುಗಿಯುವ ಮಾತೂ ಅಲ್ಲ.

ಇಂತಹ ದೋಷಗಳನ್ನು ಕೌಂಟರಿಗೆ ತಲುಪುವ ಮುನ್ನವೇ ಹಿಡಿಯಲು ತಂತ್ರಾಂಶ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಒಂದು ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇದು ಯಾವುದೇ ಒಂದು ನಿರ್ದಿಷ್ಟ ಜಾಲತಾಣದ ಒಳವಿವರವಲ್ಲ. ಬೇಕಾಗುವ ಉಪಕರಣಗಳೆಲ್ಲವೂ ಉಚಿತ ಹಾಗೂ ಮುಕ್ತ ತಂತ್ರಾಂಶಗಳಾಗಿರುವುದರಿಂದ ಆಸಕ್ತ ವಿದ್ಯಾರ್ಥಿಗಳು ಮತ್ತು ಕೇಂದ್ರಗಳ ನಿರ್ವಾಹಕರು ತಾವೇ ಪ್ರಯೋಗಿಸಿ ನೋಡಬಹುದಾಗಿದೆ. ತಾಂತ್ರಿಕ ಭಾಗ ಬೇಡವೆನ್ನುವ ಅರ್ಜಿದಾರರು ನೇರವಾಗಿ ಕೊನೆಯ ಭಾಗವನ್ನು ಓದಬಹುದು.

ದತ್ತಾಂಶದಲ್ಲಿ ಇರುವುದು ಮತ್ತು ಕಣ್ಣಿಗೆ ಕಾಣುವುದು

ಮಲ್ಲಿಕಾರ್ಜುನ ಎಂಬ ಹೆಸರನ್ನು ತೆಗೆದುಕೊಳ್ಳೋಣ. ಓದುವವರ ಕಣ್ಣಿಗೆ ಇದು ಐದು ಅಕ್ಷರ. ಯೂನಿಕೋಡ್ ಶಿಷ್ಟತೆಯಲ್ಲಿ ಗಣಕಯಂತ್ರವು ಇದನ್ನು ಹನ್ನೆರಡು ಸಂಕೇತಗಳಾಗಿ ಸಂಗ್ರಹಿಸುತ್ತದೆ: ವ್ಯಂಜನಗಳು, ಸ್ವರಚಿಹ್ನೆಗಳು ಹಾಗೂ ಎರಡು ವಿರಾಮ ಚಿಹ್ನೆಗಳು ಪ್ರತ್ಯೇಕ ಪ್ರತ್ಯೇಕವಾಗಿ. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಒಟ್ಟು 36 ಬೈಟ್ ಆಗುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಯಾರಾದರೂ ಹೆಸರಿನ ಅಂಕಣಕ್ಕೆ 30 ಬೈಟ್‌ಗಳ ಮಿತಿ ಹಾಕಿದ್ದರೆ, ಹತ್ತನೆಯ ಸಂಕೇತದ ನಂತರ ಹೆಸರು ತುಂಡಾಗಿ "ಮಲ್ಲಿಕಾರ್ಜ" ಎಂದು ಉಳಿಯುತ್ತದೆ. ಯಂತ್ರ ಇದನ್ನು ದೋಷವೆಂದು ಹೇಳುವುದಿಲ್ಲ. ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ.

ಇದು ದತ್ತಾಂಶದ ದೋಷ. ಇನ್ನೊಂದು ಬಗೆಯದು ಚಿತ್ರಣದ ದೋಷ. ಸಂಗ್ರಹದಲ್ಲಿ ಹನ್ನೆರಡೂ ಸಂಕೇತಗಳು ಇರುತ್ತವೆ, ಆದರೆ ಅವುಗಳನ್ನು ಕೂಡಿಸಿ ಒತ್ತಕ್ಷರವಾಗಿ ಬರೆಯುವ ಹೊಣೆ ಹೊತ್ತ ಭಾಗವು ಕೆಲಸ ಮಾಡಿರುವುದಿಲ್ಲ. ಆಗ ಹಾಳೆಯ ಮೇಲೆ "ಮಲ್‌ಲಿಕಾರ್‌ಜುನ" ಎಂದು ಬೀಳುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಮುಂತಾದವು ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣಾ ತಂತ್ರಾಂಶವನ್ನು ಬಳಸುವುದರಿಂದ ಅವುಗಳಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತದೆ. ಆದರೆ ಪಿಡಿಎಫ್ ಸಿದ್ಧಪಡಿಸುವ ಕೆಲವು ತಂತ್ರಾಂಶಗಳಿಗೆ ಈ ಜೋಡಣೆ ತಿಳಿಯದು. ಪರದೆಯಲ್ಲಿ ಸರಿಯಾಗಿದ್ದ ಹೆಸರು ಮುದ್ರಣದಲ್ಲಿ ಕೆಡುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕಡತಗಳದ್ದು ಬೇರೆಯೇ ಕಥೆ: ಹಳೆಯ ಸಂಕೇತ ಪದ್ಧತಿಯಲ್ಲಿ ಬೆರಳಚ್ಚು ಮಾಡಿದ ಕನ್ನಡವು ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೋರುವುದನ್ನು ಕಚೇರಿಗಳಲ್ಲಿ ದುಡಿದವರೆಲ್ಲ ಕಂಡಿದ್ದಾರೆ.

ಲೆಕ್ಕಪತ್ರದ ಪರಿಚಯ ಉಳ್ಳವರಿಗೆ ಒಂದು ಹೋಲಿಕೆ ಹೇಳಬಹುದು. ತಾಳೆಪಟ್ಟಿಯ ಎರಡೂ ಬದಿ ಸಮವಾದ ಮಾತ್ರಕ್ಕೆ ಲೆಕ್ಕ ಸರಿಯೆಂದಾಗುವುದಿಲ್ಲ. ತಪ್ಪು ಖಾತೆಗೆ ಜಮೆಯಾದ ಮೊಬಲಗನ್ನು ತಾಳೆಪಟ್ಟಿ ತೋರಿಸುವುದೇ ಇಲ್ಲ. ಹಾಗೆಯೇ ದತ್ತಸಂಚಯದ ಪರಿಶೀಲನೆಯೊಂದರಿಂದ ಹಾಳೆಯ ಮೇಲೆ ಕಾಣುವ ಹೆಸರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಪರದೆಯನ್ನೂ ಮುದ್ರಣವನ್ನೂ ನೋಡಲೇಬೇಕು.

ನೋಡುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಒಂದು ನಮೂನೆಗೆ ಹತ್ತಾರು ಅಂಕಣ, ಹಲವು ಬ್ರೌಸರ್, ಹಲವು ಗಾತ್ರದ ಪರದೆ. ತಂತ್ರಾಂಶದಲ್ಲಿ ಪ್ರತಿ ಸಲ ಸಣ್ಣ ಬದಲಾವಣೆ ಆದಾಗಲೂ ಇವೆಲ್ಲವನ್ನೂ ಮನುಷ್ಯರು ಕುಳಿತು ನೋಡುವುದು ಅಸಾಧ್ಯವಾದ್ದರಿಂದ ಈ ಕೆಲಸವನ್ನು ರಾತ್ರಿ ಹೊತ್ತು ಯಂತ್ರಕ್ಕೇ ವಹಿಸಲಾಗುತ್ತದೆ. ಆದರೆ ಅಂತಹ ಕೆಲಸ ಮಾಡುವ ಸರ್ವರುಗಳಿಗೆ ಮಾನಿಟರ್ ಇರುವುದಿಲ್ಲ. ಪರದೆಯೇ ಇಲ್ಲದ ಯಂತ್ರಕ್ಕೆ ಪರದೆಯನ್ನು ನೋಡಲು ಹೇಳುವುದು ಹೇಗೆ? ಇಲ್ಲಿ ವರ್ಚುವಲ್ ಪರದೆಯ ಅಗತ್ಯ ಬರುತ್ತದೆ.

ವರ್ಚುವಲ್ ಪರದೆ ಎಂದರೇನು

ಲಿನಕ್ಸ್ ಮುಂತಾದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಕಿಟಕಿ, ಗುಂಡಿ, ಅಕ್ಷರಗಳನ್ನು ಪರದೆಯ ಮೇಲೆ ಬಿಡಿಸುವ ವ್ಯವಸ್ಥೆಗೆ ಎಕ್ಸ್ ವಿಂಡೋ ಸಿಸ್ಟಮ್ ಎಂದು ಹೆಸರು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1984ರಲ್ಲಿ ಇದು ಆರಂಭವಾಯಿತು. ಇಂದಿಗೂ ಬಳಕೆಯಲ್ಲಿರುವ ಹನ್ನೊಂದನೆಯ ಆವೃತ್ತಿ 1987ರದ್ದು. ಇದರ ರಚನೆಯಲ್ಲಿ ಅನ್ವಯ ತಂತ್ರಾಂಶವು ತಾನೇ ಪರದೆಯನ್ನು ಮುಟ್ಟುವುದಿಲ್ಲ. "ಇಲ್ಲಿ ಒಂದು ಗೆರೆ ಎಳೆ, ಇಲ್ಲಿ ಈ ಅಕ್ಷರ ಇಡು" ಎಂದು ಎಕ್ಸ್ ಸರ್ವರ್ ಎಂಬ ಮಧ್ಯವರ್ತಿಗೆ ಕೋರಿಕೆ ಕಳುಹಿಸುತ್ತದೆ, ಮಧ್ಯವರ್ತಿಯು ಅದನ್ನು ಪರದೆಗೆ ತಲುಪಿಸುತ್ತದೆ. ಅರ್ಜಿದಾರರು ಕಡತ ಕೋಣೆಯೊಳಗೆ ಹೋಗದೆ ಕೌಂಟರಿನಲ್ಲಿಯೇ ಅರ್ಜಿ ಕೊಡುವ ಹಾಗೆ.

ಎಕ್ಸ್‌ವಿಎಫ್‌ಬಿ ಎಂಬುದು ಇಂತಹ ಮಧ್ಯವರ್ತಿಯ ಒಂದು ವಿಶೇಷ ರೂಪ. ಇದಕ್ಕೆ ಮಾನಿಟರ್ ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ, ಕೀಲಿಮಣೆಯಾಗಲಿ ಮೌಸ್ ಆಗಲಿ ಬೇಡ. ಬಂದ ಕೋರಿಕೆಗಳನ್ನೆಲ್ಲ ಅದು ಯಂತ್ರದ ಸ್ಮೃತಿಯಲ್ಲಿಯೇ ಚಿತ್ರವಾಗಿ ಬಿಡಿಸಿಡುತ್ತದೆ. ಬ್ರೌಸರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ತಾನು ನಿಜವಾದ ಪರದೆಯ ಮೇಲೆಯೇ ಇದ್ದೇನೆಂದು ಭಾವಿಸಿ ಎಂದಿನಂತೆ ಕೆಲಸ ಮಾಡುತ್ತದೆ. ಇದಕ್ಕೆ ತಗಲುವ ಸ್ಮೃತಿಯೂ ಅಲ್ಪ. 1280 ಬಿಂದು ಅಗಲ, 1024 ಬಿಂದು ಎತ್ತರದ ಪರದೆಯಲ್ಲಿ ಒಟ್ಟು 13,10,720 ಬಿಂದುಗಳಿವೆ. 24 ಬಿಟ್ ಬಣ್ಣದ ಪ್ರತಿ ಬಿಂದುವನ್ನು ವಾಡಿಕೆಯಲ್ಲಿ 4 ಬೈಟ್‌ಗಳಲ್ಲಿ ಇಡುವುದರಿಂದ ಚಿತ್ರಕ್ಕೆ ಬೇಕಾಗುವುದು 52,42,880 ಬೈಟ್, ಅಂದರೆ 5 ಮೆಗಾಬೈಟ್ ಮಾತ್ರ. ಹಳೆಯದೆಂದು ಮೂಲೆಗೆ ಸರಿಸಿದ ಗಣಕಯಂತ್ರಕ್ಕೂ ಇದು ಭಾರವಲ್ಲ. ಬ್ರೌಸರಿಗೆ ಬೇಕಾಗುವ ಸ್ಮೃತಿ ಮಾತ್ರ ಇದಕ್ಕಿಂತ ಬಹಳ ಹೆಚ್ಚು ಎಂಬುದನ್ನು ಮರೆಯಬಾರದು.

ಸ್ಥಾಪಿಸುವ ಕ್ರಮ

ಡೆಬಿಯನ್ ಅಥವಾ ಉಬುಂಟು ವ್ಯವಸ್ಥೆಯಲ್ಲಿ ಎಕ್ಸ್‌ವಿಎಫ್‌ಬಿ ಎಂಬ ಹೆಸರಿನ ಪ್ಯಾಕೇಜನ್ನು ಸ್ಥಾಪಿಸಿಕೊಳ್ಳತಕ್ಕದ್ದು. ನಂತರ ಅದನ್ನು ಒಂದು ಪರದೆ ಸಂಖ್ಯೆಯೊಂದಿಗೆ ಚಾಲನೆಗೊಳಿಸಬೇಕು. ಮಾನಿಟರ್ ಇರುವ ಯಂತ್ರದಲ್ಲಿ ನಿಜವಾದ ಪರದೆಗೆ ಸಾಮಾನ್ಯವಾಗಿ 0 ಸಂಖ್ಯೆ ಇರುವುದರಿಂದ ಗೊಂದಲವಾಗದಂತೆ 99 ಎಂಬ ಸಂಖ್ಯೆಯನ್ನು ಬಳಸುವುದು ರೂಢಿ. ಪರದೆಯ ಅಗಲ, ಎತ್ತರ ಹಾಗೂ ಬಣ್ಣದ ಆಳವನ್ನು ಆದೇಶದಲ್ಲಿಯೇ ಸ್ಪಷ್ಟವಾಗಿ ನಮೂದಿಸುವುದು ಕ್ಷೇಮ. ನಮೂದಿಸದಿದ್ದರೆ ಬೇರೆ ಬೇರೆ ಆವೃತ್ತಿಗಳು ಬೇರೆ ಬೇರೆ ಅಳತೆಯನ್ನು ಊಹಿಸಿಕೊಳ್ಳುತ್ತವೆ ಮತ್ತು ಕಿರಿದಾದ ಪರದೆಯಲ್ಲಿ "ಸಲ್ಲಿಸು" ಗುಂಡಿ ಕೆಳಗೆ ಮರೆಯಾಗಿ ಪರೀಕ್ಷೆ ವೃಥಾ ವಿಫಲವಾಗುತ್ತದೆ. ಜಾಲದ ಮೂಲಕ ಹೊರಗಿನವರು ಈ ಪರದೆಗೆ ಸಂಪರ್ಕ ಹೊಂದದಂತೆ ತಡೆಯುವ ಆಯ್ಕೆಯನ್ನೂ ಸೇರಿಸತಕ್ಕದ್ದು.

ಇಷ್ಟಾದ ಮೇಲೆ ಡಿಸ್‌ಪ್ಲೇ ಎಂಬ ಪರಿಸರ ಚರಾಂಶಕ್ಕೆ ":99" ಎಂಬ ಮೌಲ್ಯ ಕೊಟ್ಟು ಬ್ರೌಸರನ್ನು ತೆರೆದರೆ ಅದು ಆ ವರ್ಚುವಲ್ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಈ ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡಿ, ಪರೀಕ್ಷೆ ಮುಗಿದ ಕೂಡಲೇ ಪರದೆಯನ್ನು ಮುಚ್ಚುವ ಎಕ್ಸ್‌ವಿಎಫ್‌ಬಿ-ರನ್ ಎಂಬ ಸಹಾಯಕ ಆದೇಶವೂ ಇದೆ. ಅದರಲ್ಲಿ ಖಾಲಿ ಇರುವ ಸಂಖ್ಯೆಯನ್ನು ತಾನೇ ಹುಡುಕಿಕೊಳ್ಳುವ ಆಯ್ಕೆ ಇರುವುದರಿಂದ ಹೊಸಬರಿಗೆ ಅದೇ ಸೂಕ್ತ. ಕೈಯಿಂದಲೇ ಚಾಲನೆಗೊಳಿಸುವವರು ಒಂದು ಸಂಗತಿಯನ್ನು ತಿಳಿದಿರಬೇಕು: ವಿದ್ಯುತ್ ಕಡಿತದಿಂದಲೋ ಬೇರೆ ಕಾರಣದಿಂದಲೋ ಪರದೆ ಅರ್ಧಕ್ಕೇ ನಿಂತುಹೋದರೆ ತಾತ್ಕಾಲಿಕ ಕಡತಗಳ ಕೋಶದಲ್ಲಿ ಅದರ ಬೀಗದ ಕಡತ ಉಳಿದುಕೊಳ್ಳಬಹುದು. ಮರುದಿನ "99 ಸಂಖ್ಯೆಯ ಪರದೆ ಈಗಾಗಲೇ ಬಳಕೆಯಲ್ಲಿದೆ" ಎಂಬರ್ಥದ ಸಂದೇಶ ಬಂದಲ್ಲಿ, ಹಾಗೆ ನಿಜವಾಗಿಯೂ ಯಾವ ಪರದೆಯೂ ಚಾಲನೆಯಲ್ಲಿಲ್ಲವೆಂದು ಖಚಿತಪಡಿಸಿಕೊಂಡು ಆ ಕಡತವನ್ನು ಅಳಿಸಬೇಕು.

ಅರ್ಜಿ ನಮೂನೆಯನ್ನು ತೆರೆದು, ಅಂಕಣಗಳನ್ನು ತುಂಬಿ, ಗುಂಡಿ ಒತ್ತುವ ಕೆಲಸಕ್ಕೆ ಸೆಲೆನಿಯಮ್ ಎಂಬ ತಂತ್ರಾಂಶ ಪ್ರಸಿದ್ಧವಾಗಿದೆ. 2004ರಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿ ಜೇಸನ್ ಹಗಿನ್ಸ್ ಇದನ್ನು ಆರಂಭಿಸಿದರು. ಇದರಿಂದ ಬೆಳೆದ ವೆಬ್‌ಡ್ರೈವರ್ ವಿಧಾನವನ್ನು ವಿಶ್ವ ಜಾಲ ಒಕ್ಕೂಟವು 2018ರಲ್ಲಿ ಶಿಷ್ಟತೆಯಾಗಿ ಅಂಗೀಕರಿಸಿತು. ಬ್ರೌಸರಿನ ಹೊರಗಿನ ತಂತ್ರಾಂಶಗಳಾದರೆ ಕೀಲಿ ಒತ್ತಿದಂತೆ ನಟಿಸುವ ಎಕ್ಸ್‌ಡುಟೂಲ್ ಎಂಬುದನ್ನು ಬಳಸಲಾಗುತ್ತದೆ. ಕನ್ನಡದ ಮಟ್ಟಿಗೆ ಇಲ್ಲೊಂದು ತೊಡಕಿದೆ. ಕೀಲಿಮಣೆಯ ವಿನ್ಯಾಸದಲ್ಲಿ ಇಲ್ಲದ ಅಕ್ಷರಕ್ಕೆ ಈ ಉಪಕರಣವು ತಾತ್ಕಾಲಿಕವಾಗಿ ಒಂದು ಕೀಲಿಯನ್ನು ನಿಗದಿಪಡಿಸಿ ಒತ್ತುತ್ತದೆ; ವೇಗ ಹೆಚ್ಚಾದರೆ ನಡುವೆ ಅಕ್ಷರಗಳು ಬಿಟ್ಟುಹೋಗುವುದುಂಟು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯು ಲಿನಕ್ಸ್‌ನಲ್ಲಿ ಲಭ್ಯವಿದ್ದು, ಮೊದಲೇ ಅದನ್ನು ಆಯ್ಕೆ ಮಾಡಿಕೊಂಡರೆ ಈ ತೊಂದರೆ ತಗ್ಗುತ್ತದೆ.

ಜಾವಾ ಭಾಷೆಯಲ್ಲಿ ಬರೆದ ಹಳೆಯ ಮೇಜುಗಣಕ ತಂತ್ರಾಂಶಗಳನ್ನು ಪರೀಕ್ಷಿಸುವವರು ವರ್ಚುವಲ್ ಪರದೆಯ ಜೊತೆಗೆ ಓಪನ್‌ಬಾಕ್ಸ್‌ನಂತಹ ಹಗುರವಾದ ಕಿಟಕಿ ನಿರ್ವಾಹಕವನ್ನೂ ಚಾಲನೆಗೊಳಿಸಬೇಕು. ಅದಿಲ್ಲದಿದ್ದಲ್ಲಿ ಒತ್ತಿದ ಕೀಲಿಗಳು ಯಾವ ಕಿಟಕಿಗೂ ಸೇರದೆ ಹೋಗಬಹುದು.

ಮೊದಲು ಕನ್ನಡ ಫಾಂಟ್

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಗಮನ ಬೇಡುವ ಅಂಶವಿದು. ಹೊಸದಾಗಿ ಸಿದ್ಧಪಡಿಸಿದ ಸರ್ವರಿನಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದೇ ಇಲ್ಲ. ಆಗ ವರ್ಚುವಲ್ ಪರದೆಯ ಮೇಲೆ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳ ಸಾಲು ಮೂಡುತ್ತದೆ. ಆದರೂ ಪರೀಕ್ಷೆಗಳು ಒಂದೂ ಬಿಡದೆ ಉತ್ತೀರ್ಣವಾಗುತ್ತವೆ. ಏಕೆಂದರೆ ಪರೀಕ್ಷಾ ತಂತ್ರಾಂಶವು ಹೆಸರನ್ನು ಓದುವುದು ಚಿತ್ರದಿಂದಲ್ಲ, ಪುಟದ ಒಳಗಿರುವ ಪಠ್ಯದಿಂದ. ಒಳಗೆ "ಶರಣಮ್ಮ" ಇದೆ, ನಿರೀಕ್ಷಿಸಿದ್ದೂ "ಶರಣಮ್ಮ". ಆದ್ದರಿಂದ ಸರಿ ಎಂದು ಷರಾ ಬರೆಯುತ್ತದೆ. ಹೊರಗೆ ಚೌಕಗಳು ಕಾಣುತ್ತಿರುವುದು ಅದಕ್ಕೆ ಸಂಬಂಧಿಸಿದ ವಿಷಯವೇ ಅಲ್ಲ. ಈ ಸ್ಥಿತಿಯಲ್ಲಿ ವಾರಗಟ್ಟಲೆ ಪರೀಕ್ಷೆ ನಡೆಸಿದರೂ ಕನ್ನಡದ ಒಂದಕ್ಷರವನ್ನೂ ಯಾರೂ ನೋಡಿದಂತಾಗುವುದಿಲ್ಲ.

ಆದಕಾರಣ ಪರೀಕ್ಷೆಗೆ ಮೊದಲು ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೋ ಸಾನ್ಸ್ ಕನ್ನಡ ಮುಂತಾದ ಮುಕ್ತ ಫಾಂಟ್‌ಗಳಲ್ಲಿ ಬೇಕಾದುವನ್ನು ಸ್ಥಾಪಿಸಿ, ಎಫ್‌ಸಿ-ಲಿಸ್ಟ್ ಆದೇಶದ ಮೂಲಕ ಕನ್ನಡ ಬೆಂಬಲಿಸುವ ಫಾಂಟ್‌ಗಳ ಪಟ್ಟಿ ತರಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ನಾಗರಿಕರ ಯಂತ್ರದಲ್ಲಿ ಯಾವ ಫಾಂಟ್ ಇರುತ್ತದೆಂಬುದನ್ನೂ ಯೋಚಿಸಬೇಕು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ತುಂಗಾ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಬಂದಿತು, ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ನೋಟೋ ಇದೆ. ಒಂದೇ ಹೆಸರು ಇವುಗಳಲ್ಲಿ ಬೇರೆ ಬೇರೆ ಅಗಲ ಹಿಡಿಯುತ್ತದೆ. ಒಂದರಲ್ಲಿ ಒಂದೇ ಸಾಲಿನಲ್ಲಿ ಕೂಡುವ ವಿಳಾಸ ಇನ್ನೊಂದರಲ್ಲಿ ಎರಡು ಸಾಲಾಗಿ, ಎರಡನೆಯ ಸಾಲಿನ ಒತ್ತುಗಳು ಚೌಕಟ್ಟಿನ ಗೆರೆಯ ಕೆಳಗೆ ಕತ್ತರಿಸಿಹೋಗುತ್ತವೆ. ಕನ್ನಡದ ಒತ್ತಕ್ಷರಗಳು ಸಾಲಿನಿಂದ ಕೆಳಗೆ ಇಳಿಯುತ್ತವೆ ಎಂಬ ಸರಳ ಸತ್ಯವನ್ನು ಇಂಗ್ಲಿಷಿನ ಅಳತೆಯಲ್ಲಿ ರಚಿಸಿದ ನಮೂನೆಗಳು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಪರೀಕ್ಷೆಗೆ ಯಾವ ಹೆಸರುಗಳನ್ನು ಬಳಸಬೇಕು

"ರಾಮ", "ಸೀತಾ" ಎಂದು ತುಂಬಿ ಪರೀಕ್ಷಿಸಿದರೆ ಎಲ್ಲ ನಮೂನೆಗಳೂ ಸರಿಯಾಗಿಯೇ ತೋರುತ್ತವೆ. ದೋಷ ಹೊರಬೀಳುವುದು ಈ ಭಾಗದ ನಿಜವಾದ ಹೆಸರುಗಳ ಮಾದರಿಯಲ್ಲಿ ತುಂಬಿದಾಗ. ಸಿದ್ಧಲಿಂಗಯ್ಯ, ಅಯ್ಯಪ್ಪ, ಮೌನೇಶ್ವರ, ಹಣ್ಮಂತ್ರಾಯ ಮುಂತಾದ ಒತ್ತು ತುಂಬಿದ ಹೆಸರುಗಳು ಪಟ್ಟಿಯಲ್ಲಿ ಇರಬೇಕು. ಉರ್ದು ಮೂಲದ ಹೆಸರುಗಳಲ್ಲಿ ಕೆಲವರು ಫ, ಜ ಅಕ್ಷರಗಳ ಕೆಳಗೆ ನುಕ್ತಾ ಚುಕ್ಕಿ ಇಟ್ಟು "ಫ಼", "ಜ಼" ಎಂದು ಬರೆಯುತ್ತಾರೆ, ಕೆಲವರು ಬರೆಯುವುದಿಲ್ಲ, ಎರಡನ್ನೂ ಪರೀಕ್ಷಿಸಬೇಕು. "ಕಾರ್ಯ"ದಲ್ಲಿ ಬರುವ ಅರ್ಕಾವೊತ್ತು ಮತ್ತು "ರ‍್ಯಾಂಕ್" ಪದದಲ್ಲಿ ರ ಮೇಲೆಯೇ ಉಳಿಯುವ ರೂಪ, ಇವುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದ ಒಂದು ಜೋಡಣಾ ಸಂಕೇತದಿಂದ ಆಗುತ್ತದೆ. ನಕಲು ಮಾಡಿ ಅಂಟಿಸುವಾಗ ಆ ಸಂಕೇತ ಕಳೆದುಹೋದರೆ ರೂಪವೇ ಬದಲಾಗುತ್ತದೆ.

ಇದರ ವಿರುದ್ಧ ದಿಕ್ಕಿನ ತೊಂದರೆಯೂ ಒಂದಿದೆ. ದೋರನಹಳ್ಳಿ, ಕೊಂಕಲ್, ಭೀಮರಾಯನಗುಡಿ ಮುಂತಾದ ಹೆಸರುಗಳ ಒ, ಓ, ಈ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿ ಭಾಗಗಳ ಜೋಡಣೆಯಾಗಿಯೂ ಇಡಬಹುದು. ಚಿತ್ರದಲ್ಲಿ ಎರಡೂ ಒಂದೇ. ಆದರೆ ಏಕರೂಪಗೊಳಿಸದ ದತ್ತಸಂಚಯದಲ್ಲಿ ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಅರ್ಜಿದಾರರಿಗೆ "ದಾಖಲೆ ಲಭ್ಯವಿಲ್ಲ" ಎಂಬ ಉತ್ತರ ಬರುತ್ತದೆ. ಆದುದರಿಂದ ಚಿತ್ರ ಪರೀಕ್ಷೆ ಇದೆಯೆಂದು ಪಠ್ಯ ಪರೀಕ್ಷೆಯನ್ನು ಕೈಬಿಡುವಂತಿಲ್ಲ.

ಊರುಗಳ ವಿಷಯ ಇನ್ನೂ ಸೂಕ್ಷ್ಮ. ಈ ಪ್ರದೇಶವು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನಕ್ಕೂ, ಆ ಬಳಿಕ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೂ ಸೇರಿತ್ತು. ಅಂದಿನ ಕಂದಾಯ ದಾಖಲೆಗಳ ಬಳುವಳಿಯಾಗಿ ಹಲವು ಗ್ರಾಮಗಳ ಹೆಸರಿನ ಕೊನೆಯಲ್ಲಿ ಆವರಣದೊಳಗೆ (ಬಿ), (ಕೆ) ಎಂಬ ಗುರುತುಗಳಿವೆ: ಬುಜುರ್ಗ್ ಎಂದರೆ ಹಿರಿದು, ಖುರ್ದ್ ಎಂದರೆ ಕಿರಿದು. ಹಯ್ಯಾಳ (ಬಿ) ಇದಕ್ಕೊಂದು ಉದಾಹರಣೆ. ಆವರಣ ಚಿಹ್ನೆಯನ್ನು ಒಪ್ಪದ ಅಂಕಣವು ಈ ಗುರುತನ್ನು ನುಂಗಿಬಿಟ್ಟರೆ ಒಂದು ಗ್ರಾಮದ ನಿವಾಸಿ ದಾಖಲೆಯಲ್ಲಿ ಇನ್ನೊಂದು ಗ್ರಾಮದವರಾಗುತ್ತಾರೆ. ಇದು ಅಕ್ಷರದೋಷವಲ್ಲ, ವಾಸಸ್ಥಳವೇ ಬದಲಾದಂತೆ.

ಸುರಪುರವು ಕನ್ನಡದಲ್ಲಿ ಸುರಪುರವೇ ಆದರೂ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತಗಳಲ್ಲಿ ಬಳಕೆಯಲ್ಲಿದೆ. ಮೆಡೋಸ್ ಟೇಲರ್ ಕಾಲದಿಂದ ಬಂದ ಶೋರಾಪುರ ಎಂಬ ರೂಪವು ವಿಧಾನಸಭಾ ಕ್ಷೇತ್ರದ ಇಂಗ್ಲಿಷ್ ಹೆಸರಿನಲ್ಲಿ ಉಳಿದಿದೆ. ಶಹಾಪುರ ಎಂಬ ಹೆಸರಿನ ಊರು ಬೆಳಗಾವಿಯಲ್ಲಿಯೂ ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿಯೂ ಇರುವುದರಿಂದ ಹೆಸರಿನ ಜೊತೆಗೆ ಪಿನ್‌ಕೋಡನ್ನೂ ತಾಳೆ ನೋಡುವುದು ಒಳ್ಳೆಯದು. ಯಾದಗಿರಿಯ ಶಹಾಪುರಕ್ಕೆ 585223, ಸುರಪುರಕ್ಕೆ 585224.

ಆಡಳಿತ ವಿಭಾಗಗಳು ಬದಲಾದುದನ್ನೂ ಪಟ್ಟಿಯಲ್ಲಿ ಸೇರಿಸಬೇಕು. 2009-10ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2014ರ ನವೆಂಬರ್ 1ರಂದು ಗುಲ್ಬರ್ಗಾ ಎಂಬುದು ಕಲಬುರಗಿ ಆಯಿತು. 2018ರಲ್ಲಿ ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳು ಅಸ್ತಿತ್ವಕ್ಕೆ ಬಂದವು. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಮರುನಾಮಕರಣವಾಯಿತು. ಹೀಗಾಗಿ ತಂದೆಯ ಶಾಲಾ ದಾಖಲೆಯಲ್ಲಿ "ತಾ: ಶಹಾಪುರ, ಜಿ: ಗುಲ್ಬರ್ಗಾ" ಎಂದಿದ್ದು, ಮಗಳ ಅರ್ಜಿಯಲ್ಲಿ ಅದೇ ಊರಿಗೆ "ತಾ: ವಡಗೇರಾ, ಜಿ: ಯಾದಗಿರಿ" ಎಂದಿರುವುದು ಸಹಜ. ಆಯ್ಕೆಪಟ್ಟಿಯಲ್ಲಿ ಹಳೆಯ ಹೆಸರನ್ನು ಆರಿಸಿದಾಗ ನಮೂನೆ ಏನು ಮಾಡುತ್ತದೆ ಎಂಬುದನ್ನು ಪ್ರತಿ ಊರಿಗೂ ಪರೀಕ್ಷಿಸಲು ಮನುಷ್ಯರಿಗೆ ತಾಳ್ಮೆ ಸಾಲದು. ಯಂತ್ರಕ್ಕೆ ಇದು ಹೇಳಿ ಮಾಡಿಸಿದ ಕೆಲಸ.

ಪರೀಕ್ಷೆಗೆ ನಿಜವಾದ ಅರ್ಜಿದಾರರ ವಿವರಗಳನ್ನು ಯಾವ ಕಾರಣಕ್ಕೂ ಬಳಸಬಾರದು. ವರ್ಚುವಲ್ ಪರದೆಯ ಸ್ಕ್ರೀನ್‌ಶಾಟ್‌ಗಳು ಸರ್ವರಿನಲ್ಲಿ ಉಳಿಯುತ್ತವೆ. ಅದರಲ್ಲಿರುವ ಜಾತಿ, ಆದಾಯದ ವಿವರಗಳೂ ಉಳಿಯುತ್ತವೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರಲಿ ಇಲ್ಲದಿರಲಿ, ಇದು ಸಾಮಾನ್ಯ ವಿವೇಕದ ಮಾತು.

ಚಿತ್ರಗಳ ಹೋಲಿಕೆ

ಒಮ್ಮೆ ಸರಿಯೆಂದು ಒಪ್ಪಿದ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಂಡು, ಪ್ರತಿ ರಾತ್ರಿ ತೆಗೆದ ಚಿತ್ರವನ್ನು ಅದರೊಂದಿಗೆ ಬಿಂದು ಬಿಂದುವಾಗಿ ಹೋಲಿಸುವುದು ವಾಡಿಕೆ. ಸಣ್ಣಪುಟ್ಟ ವ್ಯತ್ಯಾಸಗಳಿಗೆಲ್ಲ ಗಂಟೆ ಬಾರಿಸಬಾರದೆಂದು "ಶೇ. 1ರವರೆಗೆ ವ್ಯತ್ಯಾಸವಿದ್ದರೆ ಸರಿ" ಎಂದು ಮಿತಿ ಇಡುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಇದರ ಅಪಾಯ ತಿಳಿಯುತ್ತದೆ. ಮೇಲೆ ಹೇಳಿದ ಅಳತೆಯ ಪರದೆಯಲ್ಲಿ ಶೇ. 1 ಎಂದರೆ 13,107 ಬಿಂದುಗಳು. ಉದ್ದಗಲ 12 ಬಿಂದುಗಳ ಒಂದು ಒತ್ತಕ್ಷರ ಆಕ್ರಮಿಸುವುದು ಹೆಚ್ಚೆಂದರೆ 144 ಬಿಂದು, ಅಂದರೆ ಶೇ. 0.011. ಹೆಸರಿನ ಒತ್ತುಗಳೆಲ್ಲ ಮಾಯವಾದರೂ ಮಿತಿಯೊಳಗೇ ಉಳಿಯುತ್ತದೆ. ಆದ್ದರಿಂದ ಇಡೀ ಪುಟವನ್ನು ಹೋಲಿಸದೆ ಹೆಸರು, ತಂದೆಯ ಹೆಸರು, ಗ್ರಾಮ ಈ ಅಂಕಣಗಳ ಭಾಗವನ್ನಷ್ಟೇ ಕತ್ತರಿಸಿ, ಅಲ್ಲಿ ಯಾವ ವ್ಯತ್ಯಾಸವನ್ನೂ ಒಪ್ಪದೆ ಹೋಲಿಸುವುದು ಸೂಕ್ತ. ಫಾಂಟಿನ ಆವೃತ್ತಿ ಬದಲಾದಾಗ ಎಲ್ಲ ಮಾದರಿಗಳೂ ಒಮ್ಮೆಲೇ ತಪ್ಪೆಂದು ತೋರುತ್ತವೆ. ಆ ದಿನ ಬೇಸರದಿಂದ ಎಲ್ಲವನ್ನೂ ಒಟ್ಟಿಗೆ ಹೊಸ ಮಾದರಿಗಳೆಂದು ಒಪ್ಪಿಬಿಡುವ ಆಮಿಷವನ್ನು ತಡೆಯಬೇಕು.

ಮೊದಲ ಮಾದರಿಯನ್ನು ಒಪ್ಪುವವರು ಕನ್ನಡ ಓದಬಲ್ಲವರೇ ಆಗಿರಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ. ತಂತ್ರಾಂಶವನ್ನು ಬೇರೆ ರಾಜ್ಯದ ತಂಡವೊಂದು ಸಿದ್ಧಪಡಿಸುವುದು ಅಸಹಜವಲ್ಲ. ಅವರ ಕಣ್ಣಿಗೆ "ಮಲ್‌ಲಿಕಾರ್‌ಜುನ" ಎಂಬುದೂ ಕನ್ನಡವೇ. ತಪ್ಪು ಮಾದರಿಯನ್ನು ಒಮ್ಮೆ ಒಪ್ಪಿದರೆ ಯಂತ್ರವು ಆ ತಪ್ಪನ್ನು ಪ್ರತಿ ರಾತ್ರಿ ನಿಷ್ಠೆಯಿಂದ ಕಾಯುತ್ತದೆ.

ದಿನಾಂಕ ಮತ್ತು ವೇಳೆ

ಸರ್ವರುಗಳ ಗಡಿಯಾರವನ್ನು ಅನೇಕ ಕಡೆ ಅಂತರರಾಷ್ಟ್ರೀಯ ವೇಳೆಗೆ ಹೊಂದಿಸಿರುತ್ತಾರೆ. ಅದು ಭಾರತೀಯ ವೇಳೆಗಿಂತ 5 ಗಂಟೆ 30 ನಿಮಿಷ ಹಿಂದೆ. ಈ ಅಂತರವನ್ನು ಸರಿಪಡಿಸದ ತಂತ್ರಾಂಶವಾದರೆ, ಮಧ್ಯರಾತ್ರಿಯಿಂದ ಬೆಳಗಿನ 5.30ರೊಳಗೆ ಮನೆಯಿಂದಲೇ ಸಲ್ಲಿಸಿದ ಅರ್ಜಿಗೆ ಹಿಂದಿನ ದಿನದ ದಿನಾಂಕ ಬೀಳುತ್ತದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಡಿ ಸೇವೆಯ ಅವಧಿಯನ್ನು ದಿನಗಳಲ್ಲಿಯೇ ಎಣಿಸುವುದರಿಂದ ಹಾಗೂ ಅರ್ಜಿಗಳ ಕೊನೆಯ ದಿನಾಂಕವೂ ಇದರ ಮೇಲೆ ನಿಲ್ಲುವುದರಿಂದ, ರಾತ್ರಿ 12.15ಕ್ಕೆ ಒಂದು ಮಾದರಿ ಅರ್ಜಿ ಸಲ್ಲಿಸುವ ಪರೀಕ್ಷೆಯನ್ನು ಸೇರಿಸತಕ್ಕದ್ದು.

ಹೆಡ್‌ಲೆಸ್ ಬ್ರೌಸರ್ ಇರುವಾಗ ಇದು ಬೇಕೆ?

2017ರಿಂದ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳು ಪರದೆಯ ಅಗತ್ಯವೇ ಇಲ್ಲದೆ ಕೆಲಸ ಮಾಡಬಲ್ಲ ಹೆಡ್‌ಲೆಸ್ ವಿಧಾನವನ್ನು ಹೊಂದಿವೆ. ಕೇವಲ ಜಾಲತಾಣದ ಪುಟಗಳನ್ನು ಪರೀಕ್ಷಿಸುವವರಿಗೆ ಬಹುಮಟ್ಟಿಗೆ ಅದೇ ಸಾಕು. ಬ್ರೌಸರಿನ ಹೊರಗಿನ ಕಿಟಕಿಗಳು, ಕಡತ ಆರಿಸುವ ಹಾಗೂ ಮುದ್ರಣದ ಸಂವಾದ ಪೆಟ್ಟಿಗೆಗಳು, ಪಿಡಿಎಫ್ ತೋರಿಸುವ ಬೇರೆ ತಂತ್ರಾಂಶ, ಹಳೆಯ ಜಾವಾ ಅನ್ವಯಗಳು ಒಳಗೊಂಡಲ್ಲಿ ವರ್ಚುವಲ್ ಪರದೆ ಈಗಲೂ ಬೇಕಾಗುತ್ತದೆ. ಫಾಂಟ್ ಕುರಿತು ಮೇಲೆ ಹೇಳಿದ ಎಚ್ಚರಿಕೆ ಎರಡಕ್ಕೂ ಒಂದೇ.

ವರ್ಚುವಲ್ ಪರದೆ ಕಾಣಲಾರದ ಸಂಗತಿಗಳೂ ಇವೆ. ಕೌಂಟರಿನ ಮುದ್ರಕದ ಮಸಿ ತೀರಿರುವುದು, ಬೆರಳಚ್ಚು ಯಂತ್ರವು ಹತ್ತಿ ಬಿಡಿಸಿ ಸವೆದ ಬೆರಳನ್ನು ಗುರುತಿಸದಿರುವುದು, ನಡುವೆ ಜಾಲ ಸಂಪರ್ಕ ಕಡಿದುಹೋಗುವುದು ಇತ್ಯಾದಿ. ಅವುಗಳನ್ನು ಕೇಂದ್ರದಲ್ಲಿಯೇ ನೋಡಬೇಕು.

ಅರ್ಜಿದಾರರ ಗಮನಕ್ಕೆ

ಶುಲ್ಕ ಪಾವತಿಸುವ ಮುನ್ನ ನಿರ್ವಾಹಕರ ಪರದೆಯನ್ನು ತಮ್ಮ ಕಡೆಗೆ ತಿರುಗಿಸುವಂತೆ ಕೋರಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕುಗಳನ್ನು ಕನ್ನಡದಲ್ಲಿ ಓದಿಕೊಳ್ಳುವುದು. ಓದಲು ಬಾರದವರು ಓದಬಲ್ಲ ಒಬ್ಬರನ್ನು ಜೊತೆಗೆ ಕರೆತರುವುದು. ಶಾಲೆಗೆ ಹೋಗುವ ಮಕ್ಕಳಾದರೂ ಸರಿ. ಸಕಾಲ ಸ್ವೀಕೃತಿ ಪತ್ರದ 15 ಅಂಕಿಗಳ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ಹೆಸರು ತಪ್ಪಾಗಿ ಮುದ್ರಿತವಾಗಿದ್ದಲ್ಲಿ ದೂರಿನಲ್ಲಿ "ಹೆಸರು ತಪ್ಪಾಗಿದೆ" ಎಂದಷ್ಟೇ ಬರೆದರೆ ದೋಷದ ಮೂಲ ತಿಳಿಯುವುದು ಕಷ್ಟ. ಸಾಧ್ಯವಾದರೆ ಮುದ್ರಿತ ಹಾಳೆ ಹಾಗೂ ಪರದೆ ಎರಡರ ಛಾಯಾಚಿತ್ರವನ್ನೂ ಮೊಬೈಲ್‌ನಲ್ಲಿ ತೆಗೆದುಕೊಳ್ಳುವುದು. ಪರದೆಯಲ್ಲಿ ಸರಿಯಿದ್ದು ಹಾಳೆಯಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿದ್ದರೆ ದೋಷ ಮುದ್ರಣದ ತಂತ್ರಾಂಶದಲ್ಲಿರುವ ಸಂಭವವೇ ಹೆಚ್ಚು. ಅಂತಹ ಸಂದರ್ಭದಲ್ಲಿ ಅರ್ಜಿದಾರರು ತಿದ್ದುಪಡಿಗೆಂದು ಹೊಸ ಅರ್ಜಿ ಸಲ್ಲಿಸುವ ಮೊದಲು ಮರುಮುದ್ರಣ ಕೇಳಬೇಕು. ಎರಡರಲ್ಲಿಯೂ ಹೆಸರಿನ ಕೊನೆಯ ಅಕ್ಷರಗಳು ತುಂಡಾಗಿದ್ದರೆ ಅಂಕಣದ ಅಳತೆಯನ್ನು ಅನುಮಾನಿಸಬೇಕು. ಎರಡರಲ್ಲಿಯೂ ಬೇರೊಂದು ಅಕ್ಷರವೇ ಇದ್ದರೆ ಅದು ಬೆರಳಚ್ಚಿನ ತಪ್ಪು. ತಿದ್ದುಪಡಿ ಅರ್ಜಿಯೇ ಬೇಕಾಗುತ್ತದೆ. ಹಾಳೆಯ ತುಂಬ ಖಾಲಿ ಚೌಕಗಳಿದ್ದರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲವೆಂದು ನಿರ್ವಾಹಕರಿಗೆ ಅಲ್ಲಿಯೇ ತಿಳಿಸಬಹುದು. ಅಂತಹ ಹಾಳೆಯನ್ನು ಪಡೆದುಕೊಂಡು ಊರಿಗೆ ಹಿಂತಿರುಗಬಾರದು.